ಕೊಡಗಿನಲ್ಲಿ ಕೂತು ಬ್ಯಾಲೆ ಫಾಲೋ ಮಾಡೋದು ಹೇಗೆ? ಯಾವ ದಿನಕ್ಕೆ ಟಿಕೆಟ್ ತಗೊಳ್ಳಬೇಕು?

ನೀವು ಕೇಳಿರುವುದು ಇಷ್ಟು. ಮನೆ ವಿರಾಜಪೇಟೆ. ಡಿಸೆಂಬರಿನಲ್ಲಿ ಲಂಡನ್ನಿಗೆ, ಅಕ್ಕನ ಮನೆಗೆ ಹೊರಟಿದ್ದೀರಿ. ಯೂಟ್ಯೂಬಿನಲ್ಲಿ ನೋಡಿ ನೋಡಿ ಬ್ಯಾಲೆ ಹುಚ್ಚು ಹಿಡಿದಿದೆ, ಒಂದಾದರೂ ಕಣ್ಣಾರೆ ನೋಡಬೇಕು. ಆದರೆ ಒಂದೇ ಬ್ಯಾಲೆಗೆ ಸಾಲು ಸಾಲು ದಿನಾಂಕ, ದಿನಕ್ಕೊಂದು ಜೋಡಿ ಹೆಸರು ನೋಡಿ ತಲೆ ಕೆಟ್ಟಿದೆ. ಯಾವ ದಿನ ಆರಿಸಬೇಕು, ಟಿಕೆಟ್ ಯಾವಾಗ ತಗೊಳ್ಳಬೇಕು, ಊರಿಗೆ ಬಂದ ಮೇಲೂ ಇದನ್ನು ಫಾಲೋ ಮಾಡೋಕಾಗುತ್ತಾ?

ಕೊನೆಯದಕ್ಕೆ ಮೊದಲು ಹೇಳುತ್ತೇನೆ: ಧಾರಾಳವಾಗಿ ಆಗುತ್ತದೆ. ನಾನಿರುವುದು ಸುಂಟಿಕೊಪ್ಪದ ಹತ್ತಿರ, ತೋಟದ ಮನೆಯಲ್ಲಿ. ಮಳೆಗಾಲದ ಕರೆಂಟಿನ ಕತೆ ನಿಮಗೆ ಹೇಳಬೇಕಾಗಿಲ್ಲ. ಆದರೂ ಮೂರು ನಾಲ್ಕು ಬ್ಯಾಲೆ ಕಂಪನಿಗಳಲ್ಲಿ, ಅಂದರೆ ತಂಡಗಳಲ್ಲಿ, ಯಾರಿಗೆ ಯಾವ ಪಾತ್ರ ಸಿಕ್ಕಿತು, ಯಾರು ಗಾಯವಾಗಿ ಮನೆಯಲ್ಲಿದ್ದಾರೆ ಅಂತ ನನಗೆ ಗೊತ್ತಿರುತ್ತದೆ. ಅಂದಹಾಗೆ, ರೋಬಸ್ಟಾ ಕೊಯ್ಲಿನ ಹೊತ್ತಿಗೆ ಹೊರಡೋಕೆ ಮನೆಯಲ್ಲಿ ಒಪ್ಪಿದರು ಅಂದರೆ ನೀವು ಪುಣ್ಯವಂತರು.

ಈ ಹುಚ್ಚನ್ನು ಯಕ್ಷಗಾನ ನೋಡುವವರಿಗೆ ವಿವರಿಸೋದೇ ಬೇಡ. ಸಂಪಾಜೆ ಕಡೆ ಮೇಳ ಬಂದರೆ ಪ್ರಸಂಗ ಯಾವುದು ಅಂತ ಕೇಳುವವರಿಗಿಂತ ಭಾಗವತರು ಯಾರು, ಸ್ತ್ರೀವೇಷ ಯಾರದು ಅಂತ ಕೇಳುವವರೇ ಜಾಸ್ತಿ. ಬ್ಯಾಲೆಯೂ ಹಾಗೇ. ಕತೆ ಎಲ್ಲರಿಗೂ ಗೊತ್ತು. ಇವತ್ತು ಯಾರು ಮಾಡುತ್ತಾರೆ ಅನ್ನುವುದರಲ್ಲೇ ಮಜಾ.

ದಿನಕ್ಕೊಂದು ಜೋಡಿ ಯಾಕೆ ಅಂದರೆ, ಮುಖ್ಯ ಪಾತ್ರವನ್ನು ಒಬ್ಬರೇ ದಿನವೂ ಮಾಡಿದರೆ ಕಾಲು ಉಳಿಯುವುದಿಲ್ಲ. ಹಾಗಾಗಿ ದೊಡ್ಡ ಕಂಪನಿಗಳು ಒಂದು ಬ್ಯಾಲೆಗೆ ಹಲವು ಜೋಡಿಗಳನ್ನು ತಯಾರು ಮಾಡುತ್ತವೆ. ಆ ಹೆಸರುಗಳನ್ನು ಹೊರಗೆ ಬಿಡುವ ರೀತಿ ಒಂದೊಂದು ಕಡೆ ಒಂದೊಂದು. ಲಂಡನ್ನಿನ ರಾಯಲ್ ಬ್ಯಾಲೆ ಮುಖ್ಯ ಪಾತ್ರಗಳ ಹೆಸರನ್ನು ಸಾಕಷ್ಟು ಮುಂಚೆಯೇ ದಿನಾಂಕದ ಜೊತೆ ಹಾಕುತ್ತದೆ. ನ್ಯೂಯಾರ್ಕಿನ ಅಮೆರಿಕನ್ ಬ್ಯಾಲೆ ಥಿಯೇಟರ್ ಕೂಡ ಬೇಸಿಗೆ ಸೀಸನ್ನಿನ ದೊಡ್ಡ ಹೆಸರುಗಳನ್ನು ತಿಂಗಳುಗಟ್ಟಲೆ ಮೊದಲೇ ಹೇಳುತ್ತದೆ. ಅದೇ ಊರಿನ ನ್ಯೂಯಾರ್ಕ್ ಸಿಟಿ ಬ್ಯಾಲೆ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಹೆಸರು ಗೊತ್ತಾಗುವುದು ಒಂದೆರಡು ವಾರ ಮೊದಲು ಮಾತ್ರ. ಜಾರ್ಜ್ ಬಾಲಂಚೀನ್ ಮತ್ತು ಲಿಂಕನ್ ಕರ್ಸ್ಟೀನ್ 1948ರಲ್ಲಿ ಕಟ್ಟಿದ ಕಂಪನಿ ಅದು. ನರ್ತಕಿಗಿಂತ ನೃತ್ಯ ದೊಡ್ಡದು ಅನ್ನುವುದು ಅವರ ಹಳೇ ಹಟ. ಮೇಲಿಂದ ಒಂದೇ ಸಂಜೆಗೆ ಮೂರು ನಾಲ್ಕು ಸಣ್ಣ ಬ್ಯಾಲೆಗಳು, ಅದೂ ದಿನ ದಿನಕ್ಕೆ ಬದಲಾಗುತ್ತವೆ.

ಈಗ ಯಾವ ದಿನ ಅನ್ನುವ ವಿಷಯ. ನನ್ನ ಪ್ರಕಾರ ಹೆಸರು ಎಷ್ಟು ಮುಖ್ಯ ಅನ್ನುವುದು ಯಾವ ಬ್ಯಾಲೆ ಅನ್ನುವುದರ ಮೇಲಿದೆ. ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ನಿಮಗೆ ಸಿಗೋದು ಹೆಚ್ಚಾಗಿ ನಟ್‌ಕ್ರ್ಯಾಕರ್. 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೊದಲು ಆಡಿದ್ದು, ಚೈಕೋವ್‌ಸ್ಕಿ ಸಂಗೀತ, ಕ್ರಿಸ್‌ಮಸ್ ಹಬ್ಬದ ಕತೆ. ಇಂಗ್ಲಿಷ್ ನ್ಯಾಷನಲ್ ಬ್ಯಾಲೆಯವರು ಅದನ್ನು ಕೊಲಿಸಿಯಂ ಥಿಯೇಟರಿನಲ್ಲಿ ಆಡುತ್ತಾರೆ. ರಾಯಲ್ ಬ್ಯಾಲೆಯವರದ್ದು ಪೀಟರ್ ರೈಟ್ 1984ರಲ್ಲಿ ಮಾಡಿದ ಆವೃತ್ತಿ. ಆದರೆ ಅವರು ಎಲ್ಲ ವರ್ಷವೂ ಅದನ್ನೇ ಹಾಕುವುದಿಲ್ಲ, ನಡುವೆ ಸಿಂಡರೆಲ್ಲಾ ಬರುವುದುಂಟು. ಪೀಟರ್ ರೈಟ್ ಆವೃತ್ತಿಯಲ್ಲಿ ದೊಡ್ಡ ಹೆಸರಿನವರು ಮಾಡುವ ಶುಗರ್ ಪ್ಲಮ್ ಫೇರಿ ಪಾತ್ರ ಬರುವುದೇ ಎರಡನೇ ಭಾಗದಲ್ಲಿ. ಮೊದಲ ಭಾಗ ಪೂರ್ತಿ ಮಕ್ಕಳು, ಹಬ್ಬದ ಮನೆ, ಬೆಳೆಯುತ್ತಾ ಹೋಗುವ ಕ್ರಿಸ್‌ಮಸ್ ಮರ, ಇಲಿಗಳ ಯುದ್ಧ, ಹಿಮದ ದೃಶ್ಯ. ಕೊನೆಗೆ ಆ ಫೇರಿ ಮತ್ತು ಅವಳ ರಾಜಕುಮಾರನ ಜೋಡಿ ಬಂದು ಒಂದು ಯುಗಳ ನೃತ್ಯ ಮಾಡಿ ಹೋಗುತ್ತದೆ. ಅಷ್ಟಕ್ಕಾಗಿ ಶನಿವಾರ ಸಂಜೆಯ ದುಬಾರಿ ಟಿಕೆಟ್ ಬೇಡ. ವಾರದ ನಡುವಿನ ದಿನ ನೋಡಿ. ಕ್ರಿಸ್‌ಮಸ್ ಮುಗಿದು ಜನವರಿಯಲ್ಲೂ ಆಟ ಇದ್ದರೆ ಇನ್ನೂ ಒಳ್ಳೆಯದು, ಆಗ ಗಲಾಟೆ ಇಳಿದಿರುತ್ತದೆ.

ಸ್ವಾನ್ ಲೇಕ್ ಸಿಕ್ಕಿದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಹೆಸರು ನೋಡಿಯೇ ತಗೊಳ್ಳಿ. ಬಿಳಿ ಹಂಸ ಓಡೆಟ್, ಕಪ್ಪು ವೇಷದ ಓಡೀಲ್, ಎರಡೂ ಪಾತ್ರ ಸಾಮಾನ್ಯವಾಗಿ ಒಬ್ಬಳದೇ. ಒಂದರಲ್ಲಿ ತೋಳು ರೆಕ್ಕೆಯಾಗಬೇಕು, ಇನ್ನೊಂದರಲ್ಲಿ ನಿಂತ ಜಾಗದಲ್ಲೇ ಒಂದೇ ಕಾಲಿನ ಮೇಲೆ 32 ಸಲ ಸುತ್ತಬೇಕು. ಆ ಸುತ್ತಿಗೆ ಫುಯೆಟೆ ಅನ್ನುತ್ತಾರೆ. 1895ರ ಆವೃತ್ತಿಯಲ್ಲಿ ಇಟಲಿಯ ಪಿಯೆರಿನಾ ಲೆನ್ಯಾನಿ ಮಾಡಿದಾಗಿನಿಂದ ಇದು ಎಲ್ಲರ ತಲೆ ಮೇಲೆ ಕೂತಿದೆ. ಕೆಲವರು ನಡು ನಡುವೆ ಡಬಲ್ ಸುತ್ತು ಸೇರಿಸುತ್ತಾರೆ. ಕೆಲವರು ಸುತ್ತುತ್ತಾ ಸುತ್ತುತ್ತಾ ವೇದಿಕೆಯ ಮುಂದಕ್ಕೆ ಜರುಗಿಬಿಡುತ್ತಾರೆ. ಎಷ್ಟೋ ಜನ ಇದನ್ನು ಎಣಿಸೋಕೇ ಹೋಗುತ್ತಾರೆ. ನಾನು ಎಣಿಸುವುದಿಲ್ಲ, ನನಗೆ ಅದಕ್ಕಿಂತ ಎರಡನೇ ಅಂಕದ ನಿಧಾನದ ನೃತ್ಯವೇ ಪರೀಕ್ಷೆ. ಜಿಸೆಲ್ ಕೂಡ ಇಂಥದ್ದೇ. ಮೋಸ ಹೋದ ಹಳ್ಳಿ ಹುಡುಗಿಗೆ ಬುದ್ಧಿ ಕೆಡುವ ದೃಶ್ಯವನ್ನು ಇಬ್ಬರು ಒಂದೇ ಥರ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ಇನ್ನು ಸೀಟ್ ಮ್ಯಾಪ್ ಓದುವುದು. ಇದು ಅಭಿಮಾನಿಗಳ ಗುಟ್ಟಿನ ಆಟ. ಒಂದೇ ಬ್ಯಾಲೆಯ ಎಲ್ಲ ದಿನಗಳನ್ನೂ ಒಂದರ ಪಕ್ಕ ಒಂದು ತೆರೆದಿಟ್ಟು ನೋಡಿ. ರಾಯಲ್ ಬ್ಯಾಲೆಯಲ್ಲಿ ಮರಿಯಾನೆಲಾ ನುನ್ಯೆಸ್ ಹೆಸರಿರುವ ದಿನ ಎಷ್ಟು ಸೀಟು ಉಳಿದಿದೆ, ಹೊಸಬರ ದಿನ ಎಷ್ಟು ಉಳಿದಿದೆ ಅಂತ ಹೋಲಿಸಿ. ನುನ್ಯೆಸ್ ಅರ್ಜೆಂಟೀನಾದವರು, 2002ರಿಂದ ಅಲ್ಲಿ ಪ್ರಿನ್ಸಿಪಲ್, ಅಂದರೆ ಕಂಪನಿಯ ಮೇಲಿನ ದರ್ಜೆ. ಅವರ ದಿನ ಬೇಗ ತುಂಬುತ್ತದೆ. ಹಾಗಂತ ಉಳಿದ ದಿನ ಕಳಪೆ ಅಲ್ಲ. ಹೊಸಬರಿಗೆ ದೊಡ್ಡ ಪಾತ್ರ ಮೊದಲ ಸಲ ಸಿಗುವುದು ಎಷ್ಟೋ ಸಲ ಮಧ್ಯಾಹ್ನದ ಆಟದಲ್ಲಿ. ಆವತ್ತು ಪಕ್ಕದಲ್ಲಿ ಅವರ ಅಪ್ಪ ಅಮ್ಮ, ಡಾನ್ಸ್ ಶಾಲೆಯ ಗೆಳೆಯರು ಕೂತಿರಬಹುದು. ಚಪ್ಪಾಳೆಯೇ ಬೇರೆ ಥರ ಇರುತ್ತದೆ. ಒಂದೇ ಟಿಕೆಟ್ ತಗೊಳ್ಳುವ ಮನಸ್ಸಿದ್ದರೆ ನಾನು ಅಂಥ ಮಧ್ಯಾಹ್ನಕ್ಕೇ ಓಟು ಹಾಕುತ್ತೇನೆ.

ಹಾಕಿದ ಹೆಸರು ಹಾಗೇ ಉಳಿಯುತ್ತದೆ ಅಂತ ಮಾತ್ರ ನಂಬಬೇಡಿ. ಪಾತ್ರವರ್ಗ ಬದಲಾಗಬಹುದು ಅಂತ ಎಲ್ಲರೂ ಕೆಳಗೆ ಒಂದು ಸಾಲು ಬರೆದಿರುತ್ತಾರೆ, ಅದಕ್ಕಾಗಿ ದುಡ್ಡು ವಾಪಸ್ ಕೊಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಒಬ್ಬರ ಪಾದ ಉಳುಕಿದರೆ ಕೆಡುವುದು ಒಂದೇ ದಿನವಲ್ಲ. ಅವರ ಜೊತೆಗಾರನಿಗೆ ಬೇರೆ ಜೋಡಿ ಬೇಕು. ಪಾಯಿಂಟ್ ಶೂ, ಅಂದರೆ ಕಾಲ್ಬೆರಳ ತುದಿಯಲ್ಲಿ ನಿಲ್ಲುವ ಗಟ್ಟಿ ತುದಿಯ ಶೂ, ಹಾಕಿ ನಿಂತರೆ ಹುಡುಗಿಯ ಎತ್ತರ ಒಮ್ಮೆಗೇ ಏರುತ್ತದೆ, ಹಾಗಾಗಿ ಎತ್ತರ ಹೊಂದಬೇಕು. ಹೊಂದುವವಳನ್ನು ಇನ್ನೊಂದು ದಿನದಿಂದ ಎಳೆದರೆ ಆ ದಿನಕ್ಕೆ ಮತ್ತೊಬ್ಬರು ಬೇಕು. ಹೀಗೆ ಒಂದು ಗಾಯಕ್ಕೆ ಮೂರು ದಿನದ ಹೆಸರು ಅದಲುಬದಲಾಗುತ್ತದೆ.

ತಮ್ಮ ಲಂಡನ್ನಿನಲ್ಲಿದ್ದಾಗ ನಾನು ಕಾವೆಂಟ್ ಗಾರ್ಡನ್ನಿನಲ್ಲಿ, ಅಂದರೆ ರಾಯಲ್ ಬ್ಯಾಲೆ ಆಡುವ ರಾಯಲ್ ಒಪೆರಾ ಹೌಸಿನಲ್ಲಿ, ಇದನ್ನು ಹತ್ತಿರದಿಂದ ನೋಡಿದೆ. ದೀಪ ಆರುವ ಹೊತ್ತು. ಪರದೆಯ ಸಂದಿಯಿಂದ ಸೂಟು ಹಾಕಿದ ಒಬ್ಬರು ಮೈಕ್ ಹಿಡಿದು ಹೊರಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಮೇಲಿನ ಸಾಲುಗಳಿಂದ ಅಯ್ಯೋ ಅನ್ನುವ ಸದ್ದು. ಮೈಕ್ ಕಂಡರೆ ಸುದ್ದಿ ಏನು ಅಂತ ಹಳಬರಿಗೆ ಗೊತ್ತು. ನನ್ನ ಪಕ್ಕದ ಅಜ್ಜಿ ಬ್ಯಾಗಿನಿಂದ ಒಂದು ಸಣ್ಣ ಪುಸ್ತಕ ತೆಗೆದರು. ಅದರಲ್ಲಿ ದಿನಾಂಕ, ಬ್ಯಾಲೆ, ಪಾತ್ರ, ಹೆಸರು, ಎಲ್ಲ ಪೆನ್ಸಿಲಿನಲ್ಲಿ. ಆವತ್ತಿನ ಹೆಸರಿಗೆ ಗೆರೆ ಎಳೆದು ಹೊಸ ಹೆಸರು ಬರೆದರು. ಪೆನ್ಸಿಲ್ ಯಾಕೆ ಅಂತ ಆಗ ಅರ್ಥ ಆಯಿತು.

ಇದರಿಂದ ನಮಗೆ ಒಂದು ಲಾಭವೂ ಇದೆ. ದೊಡ್ಡ ಹೆಸರು ಹೋದ ಕೂಡಲೇ ಆ ಹೆಸರಿಗಾಗಿ ತಗೊಂಡವರಲ್ಲಿ ಕೆಲವರು ಬೇರೆಯವರಿಗೆ ಮಾರಲಿ ಅಂತ ಟಿಕೆಟನ್ನು ಥಿಯೇಟರಿಗೇ ಬಿಟ್ಟುಕೊಡುತ್ತಾರೆ. ತುಂಬಿದೆ ಅಂತ ತೋರಿಸುತ್ತಿದ್ದ ದಿನದಲ್ಲಿ ಒಂದೊಂದೇ ಸೀಟು ತೆರೆದುಕೊಳ್ಳುತ್ತದೆ. ಹಾಗಾಗಿ ಕೊನೇ ವಾರ ದಿನಕ್ಕೊಮ್ಮೆ ಸೈಟ್ ನೋಡಿ. ರಾಯಲ್ ಒಪೆರಾ ಹೌಸಿನವರದ್ದು ಫ್ರೈಡೇ ರಶ್ ಅಂತ ಒಂದು ಪದ್ಧತಿ ಇದೆ: ಶುಕ್ರವಾರ ಅಲ್ಲಿಯ ಮಧ್ಯಾಹ್ನ 1 ಗಂಟೆಗೆ ಮುಂದಿನ ವಾರದ ಆಟಗಳಿಗೆ ಸ್ವಲ್ಪ ಟಿಕೆಟ್ ಆನ್‌ಲೈನಿನಲ್ಲಿ ಬಿಡುತ್ತಾರೆ. ನಮ್ಮಲ್ಲಿ ಆಗ ಚಳಿಗಾಲವಾದರೆ ಸಂಜೆ ಆರೂವರೆ, ಅವರ ಬೇಸಿಗೆಯಾದರೆ ಐದೂವರೆ. ನೀವು ಅಕ್ಕನ ಮನೆಯ ಸೋಫಾ ಮೇಲೆ ಕೂತೇ ಪ್ರಯತ್ನ ಮಾಡಬಹುದು. ಆದರೆ ಕ್ರಿಸ್‌ಮಸ್ ಹೊತ್ತಿಗೆ ಬರೀ ಅದನ್ನೇ ನಂಬಿ ಹೋಗಬೇಡಿ. ಒಂದು ಟಿಕೆಟ್ ಇಲ್ಲಿಂದಲೇ ತಗೊಂಡಿರಿ, ಎರಡನೆಯದಕ್ಕೆ ಅಲ್ಲಿ ಅದೃಷ್ಟ ನೋಡಿ.

ಇಲ್ಲಿಂದ ತಗೊಳ್ಳುವಾಗ ಕಾರ್ಡಿನದೇ ಮೊದಲ ತಕರಾರು. 2020ರ ರಿಸರ್ವ್ ಬ್ಯಾಂಕ್ ನಿಯಮದಿಂದಾಗಿ ಹೊಸ ಕಾರ್ಡುಗಳಲ್ಲಿ ವಿದೇಶದ ಪಾವತಿ ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ಆಪ್‌ಗೆ ಹೋಗಿ ಅದನ್ನು ಮೊದಲೇ ಆನ್ ಮಾಡಿ, ಮಿತಿಯನ್ನೂ ಏರಿಸಿಕೊಳ್ಳಿ. ಸೀಟು ಆರಿಸಿದ ಮೇಲೆ ಗಡಿಯಾರ ಓಡುತ್ತಿರುತ್ತದೆ, ಅಷ್ಟರೊಳಗೆ ಓಟಿಪಿ ಬರಬೇಕು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿ, ವೈಫೈ ಇರುವುದು ಒಳಗೆ. ಹಾಗಾಗಿ ಫೋನ್ ಹಿಡಿದು ಒಬ್ಬರು ಕಣದಲ್ಲಿ ನಿಂತು ನಂಬರ್ ಕೂಗುತ್ತಾರೆ, ನಾನು ಒಳಗೆ ಟೈಪ್ ಮಾಡುತ್ತೇನೆ. ಕೆಲಸದವರು ನಗುತ್ತಾರೆ, ನಗಲಿ. ಬೇರೆ ಮರುಮಾರಾಟದ ಸೈಟುಗಳ ಕಡೆ ಮಾತ್ರ ತಲೆ ಹಾಕಬೇಡಿ. ಥಿಯೇಟರಿನ ಸ್ವಂತ ಸೈಟ್ ಒಂದೇ ಸಾಕು. ವಾರ್ಷಿಕ ಸದಸ್ಯರಾದರೆ ಬುಕಿಂಗ್ ಮೊದಲೇ ಸಿಗುತ್ತದೆ, ಆದರೆ ಒಂದು ಪ್ರವಾಸಕ್ಕೆ ಅದು ದಂಡ.

ಸೀಟು ಎಲ್ಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೇಲೆ ತಗೊಳ್ಳಿ, ಆದರೆ ನಡುವೆ ತಗೊಳ್ಳಿ. ರಾಯಲ್ ಒಪೆರಾ ಹೌಸ್ ಕುದುರೆ ಲಾಳದ ಆಕಾರದಲ್ಲಿದೆ. ಬದಿಯ ಅಗ್ಗದ ಸೀಟಿನಲ್ಲಿ ವೇದಿಕೆಯ ಒಂದು ಮೂಲೆ ಕಾಣುವುದೇ ಇಲ್ಲ, ಕತೆಯ ಮುಖ್ಯ ಸಂಗತಿ ಸರಿಯಾಗಿ ಆ ಮೂಲೆಯಲ್ಲೇ ನಡೆಯುತ್ತದೆ. ಮೇಲಿನ ನಡು ಸಾಲಿನಿಂದ ಮುಖ ಸ್ಪಷ್ಟ ಕಾಣದಿರಬಹುದು, ಸಾಲುಗಳ ಚಿತ್ತಾರ ಪೂರ್ತಿ ಕಾಣುತ್ತದೆ. ಲಾ ಬಾಯಾದೇರ್ ಅಂತ 1877ರ ರಷ್ಯನ್ ಬ್ಯಾಲೆ ಇದೆ. ಕತೆ ನಡೆಯುವುದು ನಮ್ಮ ದೇಶದಲ್ಲೇ ಅಂತೆ, ದೇವಸ್ಥಾನದ ನರ್ತಕಿ, ರಾಜಕುಮಾರಿ, ಹಾವು ಎಲ್ಲ ಇದೆ. ನಾವು ನೋಡಿದರೆ ಇದು ಯಾವ ಇಂಡಿಯಾ ಮಾರಾಯ್ರೆ ಅನಿಸುತ್ತದೆ. ಆದರೆ ನೆರಳುಗಳ ದೃಶ್ಯದಲ್ಲಿ ಬಿಳಿ ಉಡುಪಿನ ಹುಡುಗಿಯರು ಇಳಿಜಾರಿನ ಮೇಲೆ ಒಬ್ಬೊಬ್ಬರಾಗಿ, ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ಹಾಕುತ್ತಾ ಇಳಿದು ಬರುತ್ತಾರೆ. ಅದನ್ನು ಕೆಳಗಿನ ಮುಂದಿನ ಸಾಲಿನಿಂದ ನೋಡಿದರೆ ಅರ್ಧ ನಷ್ಟ.

ಊರಿಗೆ ವಾಪಸ್ ಬಂದ ಮೇಲೆ ಏನು? ರಾಯಲ್ ಬ್ಯಾಲೆ, ಪ್ಯಾರಿಸ್ ಒಪೆರಾ ಎರಡಕ್ಕೂ ಸ್ವಂತ ಚಂದಾ ಸ್ಟ್ರೀಮಿಂಗ್ ಇದೆ. ಪುಕ್ಕಟೆ ಬೇಕಾದರೆ 2014ರಿಂದ ನಡೆಯುತ್ತಿರುವ ವರ್ಲ್ಡ್ ಬ್ಯಾಲೆ ಡೇ ನೋಡಿ. ಬೇರೆ ಬೇರೆ ದೇಶದ ಕಂಪನಿಗಳು ಒಂದೇ ದಿನ ತಮ್ಮ ಬೆಳಗಿನ ಅಭ್ಯಾಸ ಮತ್ತು ರಿಹರ್ಸಲ್ ತೋರಿಸುತ್ತವೆ. ಹೆಸರು ಮುಖ ಜೋಡಿಸಿಕೊಳ್ಳೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಬಣ್ಣ, ಕಿರೀಟ ಯಾವುದೂ ಇಲ್ಲದೆ, ಹಳೇ ಸ್ವೆಟರ್ ಹಾಕಿಕೊಂಡು ಕಂಬಿ ಹಿಡಿದು ಮೊಣಕಾಲು ಬಗ್ಗಿಸುತ್ತಿರುತ್ತಾರೆ.

ಇನ್ನೊಂದು ಪ್ರಿ ದ ಲೊಸಾನ್. 1973ರಲ್ಲಿ ಶುರುವಾದ ಸ್ವಿಟ್ಜರ್ಲೆಂಡಿನ ಸ್ಪರ್ಧೆ, 15ರಿಂದ 18 ವರ್ಷದವರಿಗೆ. ಫೈನಲ್ ಆನ್‌ಲೈನಿನಲ್ಲಿ ನೇರ ಬರುತ್ತದೆ, ಫೆಬ್ರವರಿ ಹೊತ್ತಿಗೆ. 1990ರಲ್ಲಿ ಅಲ್ಲಿ ಚಿನ್ನ ಗೆದ್ದ ಕ್ಯೂಬಾದ ಹುಡುಗ ಕಾರ್ಲೋಸ್ ಅಕೋಸ್ಟಾ ಮುಂದೆ ರಾಯಲ್ ಬ್ಯಾಲೆಯ ತಾರೆಯಾದರು, 2020ರಿಂದ ಬರ್ಮಿಂಗ್‌ಹ್ಯಾಮ್ ರಾಯಲ್ ಬ್ಯಾಲೆಯ ನಿರ್ದೇಶಕರು. ಈಗಲೇ ಒಂದಿಬ್ಬರನ್ನು ಗುರುತಿಟ್ಟುಕೊಳ್ಳಿ, ಅವರು ಯಾವ ಕಂಪನಿ ಸೇರಿದರು, ಯಾವಾಗ ದರ್ಜೆ ಏರಿದರು ಅಂತ ನೋಡುತ್ತಾ ಹೋದರೆ ನಿಮಗೂ ಸ್ವಂತ ಪಕ್ಷ ಹುಟ್ಟುತ್ತದೆ.

ದರ್ಜೆ ಏರುವುದರಲ್ಲಿ ಪ್ಯಾರಿಸ್ಸಿನಷ್ಟು ನಾಟಕ ಎಲ್ಲೂ ಇಲ್ಲ. ಅಲ್ಲಿ ಐದು ದರ್ಜೆ, ತುದಿಯಲ್ಲಿ ಎತ್ವಾಲ್. ಆ ಪಟ್ಟವನ್ನು ಸಾಮಾನ್ಯವಾಗಿ ಆಟ ಮುಗಿದ ಮೇಲೆ ವೇದಿಕೆಯ ಮೇಲೇ ಘೋಷಿಸುತ್ತಾರೆ. 2023ರ ಮಾರ್ಚಿನಲ್ಲಿ ಗಿಯೋಮ್ ದಿಯೋಪ್ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಜಿಸೆಲ್ ಮುಗಿಸಿ ನಿಂತಿದ್ದಾಗ ಘೋಷಣೆ ಆಯಿತು. ನಡುವಿನ ಒಂದು ದರ್ಜೆ ಹಾರಿ ನೇರ ಎತ್ವಾಲ್, ಆ ಪಟ್ಟ ಪಡೆದ ಮೊದಲ ಕಪ್ಪು ನರ್ತಕ. ಇಂಥ ವಿಡಿಯೋ ಬಂದ ದಿನ ನಮ್ಮಂಥವರಿಗೆ ಹಬ್ಬ.

ಲಂಡನ್ನಿನ ಏಳೂವರೆ ಆಟ ಚಳಿಗಾಲದಲ್ಲಿ ನಮಗೆ ರಾತ್ರಿ ಒಂದು ಗಂಟೆ. ನ್ಯೂಯಾರ್ಕಿನ ಬೇಸಿಗೆಯ ಏಳೂವರೆ ಆಟ ನಮಗೆ ಬೆಳಗಿನ ಐದು. ಯಾರ ಮೊದಲ ಸ್ವಾನ್ ಲೇಕ್ ಹೇಗಾಯಿತು ಅನ್ನುವ ಸುದ್ದಿ ತಿಂಡಿ ಮುಗಿಯುವ ಹೊತ್ತಿಗೆ ಬಂದಿರುತ್ತದೆ, ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಬಟ್ಟೆ ಬಗ್ಗೆ ಚಿಂತೆ ಬೇಡ, ಸೀರೆಯಾದರೂ ಸರಿ, ಜೀನ್ಸ್ ಆದರೂ ಸರಿ. ಹೊತ್ತಿಗೆ ಮಾತ್ರ ಸರಿಯಾಗಿ ಹೋಗಿ. ಶುರುವಾದ ಮೇಲೆ ಬಂದವರನ್ನು ಕೂಡಲೇ ಒಳಗೆ ಬಿಡುವುದಿಲ್ಲ, ಹೊರಗೆ ಟಿವಿಯಲ್ಲಿ ನೋಡುತ್ತಾ ನಿಲ್ಲಬೇಕಾಗುತ್ತದೆ. ಅಕ್ಕನಿಗೂ ಹೇಳಿಡಿ.