ಕೋವಿಡ್ ಪ್ಯಾಕೇಜ್‌ನಿಂದ ನಿಮ್ಮ ಮನೆಗೆ ನಿಜವಾಗಿ ಏನು ಬಂತು?

2020ರಲ್ಲಿ ಕೇಂದ್ರ ಸರ್ಕಾರ 20 ಲಕ್ಷ ಕೋಟಿ ಪ್ಯಾಕೇಜ್ ಅಂತ ಹೇಳಿತಲ್ಲ, ಅದು ಯಾರಿಗಾದರೂ ಮುಟ್ಟಿತಾ ಅಂತ ಕೇಳಿದ್ದೀರಿ. ನಮ್ಮ ಮನೆ ಲೆಕ್ಕ ಹೇಳ್ತೀನಿ.

ಅದರಲ್ಲಿ ಜಾಸ್ತಿ ಇದ್ದದ್ದು ಸಾಲ. ಸಣ್ಣ ಉದ್ದಿಮೆಗಳ 3 ಲಕ್ಷ ಕೋಟಿ ಸಾಲಕ್ಕೆ ಸರ್ಕಾರ ಜಾಮೀನು ನಿಂತಿತು. ಫ್ಯಾಕ್ಟರಿ ಇದ್ದವರಿಗೆ ಅದು ಆಸರೆಯೇ, ಇಲ್ಲ ಅನ್ನಲ್ಲ. ನಾನು ಬೆಂಗಳೂರಿನ ಒಂದು ಹೋಟೆಲ್‌ನಲ್ಲಿ ಬಿಲ್ ಹಾಕುತ್ತಿದ್ದವನು. ಲಾಕ್‌ಡೌನ್‌ನಲ್ಲಿ ಹೋಟೆಲ್ ಮುಚ್ಚಿತು. ಮೇ ತಿಂಗಳಲ್ಲಿ ಕೊಪ್ಪಳ ಜಿಲ್ಲೆಯ ನಮ್ಮೂರಿಗೆ ಬಂದೆ. ನನಗೆ ಯಾರು ಸಾಲ ಕೊಡ್ತಾರೆ?

ನಮ್ಮನ್ನು ಉಳಿಸಿದ್ದು ತಲೆಗೆ 5 ಕೆಜಿಯಂತೆ ಬಂದ ಪುಕ್ಕಟೆ ರೇಷನ್, ಆಮೇಲೆ ಉದ್ಯೋಗ ಖಾತ್ರಿ. ಆ ವರ್ಷ ಖಾತ್ರಿಗೆ ಬಜೆಟ್‌ನಲ್ಲಿ ಇಟ್ಟಿದ್ದು 61,500 ಕೋಟಿ. ಪ್ಯಾಕೇಜ್‌ನಲ್ಲಿ ಇನ್ನೂ 40,000 ಕೋಟಿ ಸೇರಿಸಿದರು. 20 ಲಕ್ಷ ಕೋಟಿ ಮುಂದೆ ಅದೆಷ್ಟು ಸಣ್ಣದು ನೋಡಿ. ಆದರೂ ಬೇಗ ಮುಟ್ಟಿತು. ಕಾನೂನು 2005ರದ್ದು, ಪಂಚಾಯ್ತಿ ಊರಲ್ಲೇ ಇತ್ತು, ಅವ್ವನ ಜಾಬ್ ಕಾರ್ಡ್ ಟ್ರಂಕಿನಲ್ಲಿತ್ತು. ನನ್ನ ಹೆಸರು ಸೇರಿಸಿ, ಕೆಲಸ ಬೇಕು ಅಂತ ಅರ್ಜಿ ಕೊಟ್ಟೆವು, ಅಷ್ಟೇ. ರೋಗ ಬಂದ ಮೇಲೆ ಹೊಸ ಯೋಜನೆ ಕಟ್ಟೋಕೆ ಕೂತಿದ್ದರೆ ನಮ್ಮ ಪಾಡು ಏನಾಗುತ್ತಿತ್ತೋ.

ಕೆಲಸ ಹೊಲಕ್ಕೆ ಒಡ್ಡು ಹಾಕೋದು. ಕಾಗದದಲ್ಲಿ ಅದು ‘ಬದು ನಿರ್ಮಾಣ’. ಕೂಲಿ ದಿನಕ್ಕೆ 275 ರೂಪಾಯಿ, ಅದೂ ಅಳತೆಗೆ ತಕ್ಕಷ್ಟು ಮಣ್ಣು ಅಗೆದರೆ ಮಾತ್ರ. ಕೀಬೋರ್ಡ್ ಒತ್ತಿದ ಕೈ, ಎರಡನೇ ದಿನಕ್ಕೇ ಬೊಬ್ಬೆ ಎದ್ದವು. ಅವ್ವ ಗುದ್ದಲಿ ಕಸಿದುಕೊಂಡು ಬುಟ್ಟಿ ಕೊಟ್ಟಳು. ಬೇರೆಯವರ ಹೊಲದಲ್ಲಿ ಹೆಂಗಸರಿಗೆ ಕೂಲಿ ಕಡಿಮೆ, ಖಾತ್ರಿಯಲ್ಲಿ ಇಬ್ಬರಿಗೂ ಒಂದೇ. ಅವ್ವನ ಖಾತೆಗೆ ನನ್ನಷ್ಟೇ ಬಂದಾಗ ನನಗೇ ನಾಚಿಕೆಯಾಯ್ತು, ಮುಕ್ಕಾಲು ಕೆಲಸ ಅವಳದೇ ಅಲ್ವಾ!

ಕೊರತೆಯೂ ಇತ್ತು. ಆಗ ವರ್ಷಕ್ಕೆ 100 ದಿನ ಕೆಲಸ ಅನ್ನೋದು ತಲೆಗಲ್ಲ, ಇಡೀ ಮನೆಗೆ ಇತ್ತು. ಅವ್ವ, ನಾನು, ತಮ್ಮ ಮೂವರೂ ಇಳಿದರೆ 33 ದಿನಕ್ಕೆ ಹೆಚ್ಚುಕಡಿಮೆ ಕಾರ್ಡ್ ಖಾಲಿ. ಪೂರ್ತಿ ಸಿಕ್ಕರೂ ವರ್ಷಕ್ಕೆ 27,500 ರೂಪಾಯಿ. ಕೂಲಿ ಒಮ್ಮೊಮ್ಮೆ ವಾರಗಟ್ಟಲೆ ತಡ. ಅಷ್ಟರಲ್ಲೇ ಆ ಮುಂಗಾರಿಗೆ ಬೀಜ ಗೊಬ್ಬರ ತಂದೆವು. ಅಂಗಡಿಯಲ್ಲಿ ಉದ್ರಿ ಹೇಳಲಿಲ್ಲ.