ಸರ್ವರ್‌ನ ತಪ್ಪು ಮೊದಲು ಯಾರಿಗೆ ಗೊತ್ತಾಗಬೇಕು: ಬಯಾಸ್‌ಗೋ, ಲಿನಕ್ಸ್‌ಗೋ?

ಪ್ರಶ್ನೆ: ನಮ್ಮ ದಾಲ್ ಮಿಲ್ಲಿನ ತೂಕ, ಬಿಲ್ಲು, ದಾಸ್ತಾನು ಎಲ್ಲಾ ಒಂದು ಸೆಕೆಂಡ್ ಹ್ಯಾಂಡ್ ರ‍್ಯಾಕ್ ಸರ್ವರ್ ಮೇಲೆ ನಡೀತದ. ಲಿನಕ್ಸ್ ಹಾಕೀವಿ. ಬಯಾಸ್‌ನಾಗ ‘ಫರ್ಮ್‌ವೇರ್ ಫಸ್ಟ್’ ಅಂತ ಒಂದು ಆಯ್ಕೆ ಅದ. ಆನ್ ಇಡಬೇಕೋ, ಆಫ್ ಮಾಡಬೇಕೋ ತಿಳಿಸ್ರಿ. ಆಫ್ ಮಾಡಿದ್ರ ಇಸಿಸಿ ಹೋಗ್ತದೇನು?
– ಓದುಗರು, ಕಲಬುರಗಿ

ಉತ್ತರ: ಇಸಿಸಿ, ಅಂದರೆ ಮೆಮೊರಿಯ ತಪ್ಪು ಹಿಡಿದು ತಿದ್ದುವ ವ್ಯವಸ್ಥೆ, ಎಲ್ಲಿಯೂ ಹೋಗುವುದಿಲ್ಲ. ಸಾಮಾನ್ಯ ಇಸಿಸಿ ಮೆಮೊರಿಯಲ್ಲಿ 64 ಬಿಟ್ ದತ್ತಾಂಶದ ಜೊತೆ 8 ತಪಾಸಣೆ ಬಿಟ್‌ಗಳಿರುತ್ತವೆ. ಒಂದು ಬಿಟ್ ಕೆಟ್ಟರೆ ಮೆಮೊರಿ ಕಂಟ್ರೋಲರ್ ತಾನೇ ಸರಿಪಡಿಸುತ್ತದೆ, ಎರಡು ಕೆಟ್ಟರೆ ಪತ್ತೆ ಮಾತ್ರ ಮಾಡುತ್ತದೆ. ನೀವು ಕೇಳಿದ ಆಯ್ಕೆ ಏನೇ ಇರಲಿ, ಈ ಕೆಲಸ ಹೀಗೇ ನಡೆಯುತ್ತದೆ. ಸುದ್ದಿ ಮೊದಲು ಬಯಾಸ್‌ಗೆ (ಮದರ್‌ಬೋರ್ಡಿನಲ್ಲೇ ಇರುವ, ಯಂತ್ರ ಶುರುವಾದಾಗ ಮೊದಲು ಓಡುವ ತಂತ್ರಾಂಶ) ಹೋಗಬೇಕೋ ಲಿನಕ್ಸ್‌ಗೋ, ದಾಖಲೆ ಯಾರು ಬರೆಯಬೇಕು ಎಂಬುದಷ್ಟೇ ಬದಲಾಗುತ್ತದೆ.

ಆಯ್ಕೆ ಆನ್ ಇದ್ದಾಗ ತಪ್ಪು ಸಂಭವಿಸಿದರೆ ಎಸ್‌ಎಂಐ ಎಂಬ ವಿಶೇಷ ಅಡಚಣೆ ಏಳುತ್ತದೆ. ಪ್ರೊಸೆಸರ್ ಲಿನಕ್ಸನ್ನು ಅಲ್ಲೇ ನಿಲ್ಲಿಸಿ ಬಯಾಸ್‌ನ ಕೋಡ್ ಓಡಿಸುತ್ತದೆ. ಬಯಾಸ್ ತಪ್ಪಿನ ವಿವರವಿರುವ ರಿಜಿಸ್ಟರ್ ಓದಿ, ಯಾವ ಸ್ಲಾಟಿನ ರ‍್ಯಾಮ್ ಎಂದು ಗುರುತಿಸಿ, ಮದರ್‌ಬೋರ್ಡಿನ ನಿರ್ವಹಣಾ ಚಿಪ್ ಆದ ಬಿಎಂಸಿಯ ಲಾಗ್‌ನಲ್ಲಿ ಬರೆಯುತ್ತದೆ. ಬೇಕೆನಿಸಿದರೆ ಆಮೇಲೆ ಎಸಿಪಿಐನ ಎಪಿಇಐ (ತಪ್ಪಿನ ಸುದ್ದಿಯನ್ನು ಬಯಾಸ್ ಓಎಸ್‌ಗೆ ದಾಟಿಸುವ ಗೊತ್ತಾದ ದಾರಿ) ಮೂಲಕ ಲಿನಕ್ಸ್‌ಗೆ ತಿಳಿಸುತ್ತದೆ. ಆಫ್ ಇದ್ದರೆ ಅಡಚಣೆ ನೇರ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಬರುತ್ತದೆ. ರಿಜಿಸ್ಟರ್ ಓದುವುದು, ಅರ್ಥ ಬಿಡಿಸುವುದು ಅದರ ಇಡಿಎಸಿ ಎಂಬ, ಮೆಮೊರಿ ತಪ್ಪು ನೋಡಿಕೊಳ್ಳುವ ಡ್ರೈವರ್‌ನ ಹೊಣೆ.

ನಿಮ್ಮ ಮಿಲ್ಲಿಗೆ ಆನ್ ಇಡಿ ಎಂಬುದೇ ನಮ್ಮ ಸಲಹೆ. ಲಿನಕ್ಸ್ ಪೂರ್ತಿ ನಿಂತುಹೋದರೂ ಬಿಎಂಸಿ ಲಾಗ್ ಉಳಿದಿರುತ್ತದೆ. ರಿಪೇರಿಯವರು ಮೊದಲು ಕೇಳುವುದೂ ಅದನ್ನೇ. ಬೋರ್ಡಿನ ಮೇಲೆ ಅಚ್ಚಾದ ಸ್ಲಾಟ್ ಹೆಸರೇ ಅದರಲ್ಲಿ ಸಿಗುತ್ತದೆ. ಇಡಿಎಸಿಯಲ್ಲಾದರೆ ಅನೇಕ ಬೋರ್ಡುಗಳಿಗೆ ಚಾನೆಲ್ ಸಂಖ್ಯೆ ಮಾತ್ರ ಬರುತ್ತದೆ. ಯಾವ ಚಾನೆಲ್ ಯಾವ ಸ್ಲಾಟು ಎಂಬ ಪಟ್ಟಿಯನ್ನು ನೀವೇ ತುಂಬಬೇಕು.

ಆದರೆ ಇದರಲ್ಲಿ ಒಂದು ಮೋಸವಿದೆ. ಸರಿಪಡಿಸಿದ ತಪ್ಪುಗಳು ಇಂತಿಷ್ಟು ದಾಟುವವರೆಗೆ ಬಯಾಸ್ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಹಾಗಾಗಿ ಲಿನಕ್ಸ್ ಲೆಕ್ಕದಲ್ಲಿ ಸೊನ್ನೆ ಇದ್ದ ಮಾತ್ರಕ್ಕೆ ರ‍್ಯಾಮ್ ಗಟ್ಟಿಯಿದೆ ಎಂದಲ್ಲ. ರಾಸ್‌ಡೀಮನ್ ಎಂಬ ಸೇವೆ ಒಂದೇ ಮೆಮೊರಿ ಪುಟದಲ್ಲಿ 24 ಗಂಟೆಯೊಳಗೆ 50 ತಪ್ಪು ಕಂಡರೆ ಆ ಪುಟವನ್ನು ಬಳಕೆಯಿಂದ ತೆಗೆಸಬಲ್ಲದು. ಬಯಾಸ್ ಸುದ್ದಿಯನ್ನೇ ಬಿಡದಿದ್ದರೆ ಆ 50 ತುಂಬುವುದೇ ಇಲ್ಲ. ಇನ್ನೊಂದು ತೊಂದರೆ ವಿಳಂಬದ್ದು: ಎಸ್‌ಎಂಐ ನಡೆಯುವಾಗ ಎಲ್ಲ ಕೋರ್‌ಗಳೂ ನಿಲ್ಲುತ್ತವೆ. ಬಿಲ್ಲಿಂಗ್‌ಗೆ ಅದು ಗೊತ್ತೂ ಆಗದು. ಟೆಲಿಫೋನ್ ಸ್ವಿಚ್ಚಿಂಗ್, ಯಂತ್ರ ನಿಯಂತ್ರಣ, ಆಡಿಯೋ ನಡೆಯುವ ಸರ್ವರ್ ಆಗಿದ್ದರೆ ಆಫ್ ಮಾಡಿ ಎನ್ನುತ್ತಿದ್ದೆವು. ಸಾವಿರಾರು ಪುಟ ಲಾಗ್ ನೋಡಿಕೊಳ್ಳಲು ಆಳುಗಳಿರುವ ದೊಡ್ಡ ಡೇಟಾ ಸೆಂಟರ್‌ಗೂ ಆಫ್ ಒಳ್ಳೆಯದೇ.

ಪ್ರಶ್ನೆ: ತಪ್ಪು ನೋಡಿಕೊಳ್ಳೋ ಹೊಣೆ ಈಗ ಬಯಾಸ್ ಕೈಯಾಗ ಅದನೋ ಲಿನಕ್ಸ್ ಕೈಯಾಗ ಅದನೋ ಅಂತ ಗೊತ್ತು ಮಾಡ್ಕೊಳ್ಳೋದು ಹೆಂಗ? ಬೂಟ್ ಸಾಲಿನಾಗ ಒಂದು ಪದ ಸೇರಿಸಿದ್ರ ಲಿನಕ್ಸ್ ತಾನೇ ತಗೋತದ ಅಂತ ಯಾರೋ ಹೇಳಿದ್ರು, ಖರೇನಾ?
– ಕಾಲೇಜು ಲ್ಯಾಬ್ ಸಹಾಯಕರು, ಬೀದರ್

ಉತ್ತರ: ಬೂಟ್ ಆದ ಮೇಲೆ ಕರ್ನಲ್ ಸಂದೇಶಗಳಲ್ಲಿ ‘ಎಚ್‌ಇಎಸ್‌ಟಿ’ (ತಪ್ಪಿನ ಮೂಲಗಳನ್ನು ಬಯಾಸ್ ಪಟ್ಟಿ ಮಾಡುವ ಟೇಬಲ್) ಮತ್ತು ‘ಜಿಎಚ್‌ಇಎಸ್’ (ಬಯಾಸ್ ಕೊಟ್ಟ ಸುದ್ದಿಯನ್ನು ಲಿನಕ್ಸ್ ಪಡೆಯುವ ಭಾಗ) ಎಂದು ಹುಡುಕಿ. ‘ಫರ್ಮ್‌ವೇರ್ ಫಸ್ಟ್ ಮೋಡ್’ ಶುರುವಾಗಿದೆ ಎಂಬ ಸಾಲು ಕಂಡರೆ ಮೆಮೊರಿ ಬಯಾಸ್ ಕೈಯಲ್ಲಿದೆ. ಎಚ್‌ಇಎಸ್‌ಟಿ ಟೇಬಲ್ ಇದೆ ಎಂದಷ್ಟೇ ನೋಡಿ ತೀರ್ಮಾನಿಸಬೇಡಿ. ಅದರೊಳಗೆ ಪ್ರತಿ ತಪ್ಪಿನ ಮೂಲಕ್ಕೂ ಬೇರೆ ಬೇರೆ ಫ್ಲ್ಯಾಗ್ ಇರುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳ ಹೊಣೆ ತೀರ್ಮಾನವಾಗುವುದು ಬೇರೆ ಕಡೆ: ‘ಓಎಸ್‌ಸಿ’ (ಯಾವುದು ಯಾರ ಹೊಣೆ ಎಂದು ಬಯಾಸ್ ಮತ್ತು ಲಿನಕ್ಸ್ ಮಾಡಿಕೊಳ್ಳುವ ಒಪ್ಪಂದ) ಸಾಲಿನಲ್ಲಿ ‘ಓಎಸ್ ನೌ ಕಂಟ್ರೋಲ್ಸ್’ ಎಂಬುದರ ಮುಂದಿನ ಪಟ್ಟಿಯಲ್ಲಿ ‘ಎಇಆರ್’ (ಈ ಕಾರ್ಡುಗಳ ತಪ್ಪು ವರದಿ ವ್ಯವಸ್ಥೆ) ಇದ್ದರೆ ಲಿನಕ್ಸ್, ಇಲ್ಲದಿದ್ದರೆ ಬಯಾಸ್. ಮೆಮೊರಿ ಒಬ್ಬರ ಕೈಯಲ್ಲಿ, ಕಾರ್ಡುಗಳು ಇನ್ನೊಬ್ಬರ ಕೈಯಲ್ಲಿ ಇರುವುದೂ ಉಂಟು. ಅದು ದೋಷವಲ್ಲ.

ಬೂಟ್ ಸಾಲಿನ ಮಾತು ಅರ್ಧ ಮಾತ್ರ ಖರೆ. ‘ಎಚ್‌ಇಎಸ್‌ಟಿ ಡಿಸೇಬಲ್’ ಹಾಕಿದರೆ ಲಿನಕ್ಸ್ ಕಿವಿ ಮುಚ್ಚಿಕೊಳ್ಳುತ್ತದೆ, ಬಯಾಸ್ ತನ್ನ ಕೆಲಸ ಬಿಡುವುದಿಲ್ಲ. ‘ಪಿಸಿಐಇ ಪೋರ್ಟ್ಸ್ ಈಕ್ವಲ್ ಟು ನೇಟಿವ್’ ಹಾಕಿದರೆ ಬಯಾಸ್ ಬಿಟ್ಟುಕೊಡದ ಎಇಆರ್‌ ಅನ್ನು ಲಿನಕ್ಸ್ ಬಲವಂತವಾಗಿ ಹಿಡಿಯುತ್ತದೆ. ಆಗ ಇಬ್ಬರೂ ಅದೇ ರಿಜಿಸ್ಟರ್ ಓದಿ ಅಳಿಸುತ್ತಾರೆ, ಯಾರು ಮೊದಲೋ ಅವರಿಗೆ ಮಾತ್ರ ಸುದ್ದಿ. ಬದಲಿಸುವುದಿದ್ದರೆ ಬಯಾಸ್‌ನಲ್ಲೇ ಬದಲಿಸಿ. ಕಂಪನಿಗೊಂದು ಹೆಸರು ಇರುತ್ತದೆ, ‘ವೀಯಾ’ ಅಥವಾ ‘ಇಎಂಸಿಎ’ ಎಂದೂ ಇರಬಹುದು.

ಬದಲಿಸಿದ ಮೇಲೆ ಪರೀಕ್ಷಿಸಲು ಲ್ಯಾಬಿನಲ್ಲಿ ನಿಮಗೆ ಒಳ್ಳೆಯ ಅವಕಾಶವಿದೆ. ಬಯಾಸ್‌ನಲ್ಲಿ ‘ಎರರ್ ಇಂಜೆಕ್ಷನ್’ ಆನ್ ಮಾಡಿ, ಬೇಕೆಂದೇ ತಪ್ಪು ಹುಟ್ಟಿಸುವ ‘ಇಐಎನ್‌ಜೆ’ ಮಾಡ್ಯೂಲ್ ಲೋಡ್ ಮಾಡಿ. ಡೀಬಗ್ ಫೈಲ್‌ಸಿಸ್ಟಮ್‌ನ ಎಪಿಇಐ ಫೋಲ್ಡರಿನಲ್ಲಿ ಲಭ್ಯ ವಿಧಗಳ ಪಟ್ಟಿ ಕಾಣುತ್ತದೆ. ಎರರ್ ಟೈಪ್‌ಗೆ 8 ಕೊಡಿ, ಅದು ಸರಿಪಡಿಸಬಹುದಾದ ಮೆಮೊರಿ ತಪ್ಪು. ವಿಳಾಸ ಮತ್ತು ಮಾಸ್ಕ್ ತುಂಬಿ, ‘ಎರರ್ ಇಂಜೆಕ್ಟ್’ ಫೈಲಿಗೆ 1 ಬರೆಯಿರಿ. ಹೆಕ್ಸ್ 10, 20 ಎಂಬ ವಿಧಗಳು ಸರಿಪಡಿಸಲಾಗದ ತಪ್ಪಿನವು. 20 ಯಂತ್ರವನ್ನೇ ಬೀಳಿಸುತ್ತದೆ, ವಿದ್ಯಾರ್ಥಿಗಳ ಪರೀಕ್ಷೆ ನಡೆಯುವ ದಿನ ಮುಟ್ಟಬೇಡಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಅನೇಕ ಲಿನಕ್ಸ್‌ಗಳು ಇದಕ್ಕೆ ಒಪ್ಪುವುದಿಲ್ಲ. ನಂತರ ಐಪಿಎಂಐ ಟೂಲ್‌ (ಬಿಎಂಸಿಯೊಂದಿಗೆ ಮಾತಾಡುವ ತಂತ್ರಾಂಶ) ನಿಂದ ಬಿಎಂಸಿ ಲಾಗ್‌ ತೆರೆಯಿರಿ, ರಾಸ್‌ಡೀಮನ್ ದಾಖಲೆಯನ್ನೂ ನೋಡಿ. ಎರಡರಲ್ಲೂ ಬರದಿದ್ದರೆ ಬಯಾಸ್ ಸುಮ್ಮನಿರುವ ತಪ್ಪುಗಳ ಮಿತಿಯನ್ನು 1ಕ್ಕೆ ಇಳಿಸಿ ಮತ್ತೆ ಮಾಡಿ.

ಪ್ರಶ್ನೆ: ಬ್ಯಾಸಗಿ ಮಧ್ಯಾಹ್ನ ಮಾತ್ರ ಇಸಿಸಿ ತಪ್ಪು ಬರ್ತಾವ. ರ‍್ಯಾಮ್ ಬದಲಿಸಬೇಕೇನು?
– ಓದುಗರು, ಯಾದಗಿರಿ

ಉತ್ತರ: ಮೊದಲು ಗಾಳಿ ನೋಡಿ. ರ‍್ಯಾಮ್ ಚಿಪ್ 85 ಡಿಗ್ರಿ ದಾಟಿದರೆ ಅದರ ಕೋಶಗಳಿಂದ ವಿದ್ಯುದಾವೇಶ ಬೇಗ ಸೋರುತ್ತದೆ; ಅದಕ್ಕೇ ಡಿಡಿಆರ್4 ರಿಫ್ರೆಶ್ ಅಂತರವನ್ನು 7.8ರಿಂದ 3.9 ಮೈಕ್ರೋಸೆಕೆಂಡಿಗೆ ಇಳಿಸಬೇಕಾಗುತ್ತದೆ. ಮುಂಭಾಗದ ಜಾಲರಿ, ಫ್ಯಾನ್, ಖಾಲಿ ಸ್ಲಾಟಿನ ಪ್ಲಾಸ್ಟಿಕ್ ಬ್ಲ್ಯಾಂಕ್ ಇವುಗಳನ್ನು ಪರೀಕ್ಷಿಸಿ. ಬ್ಲ್ಯಾಂಕ್ ಕಿತ್ತು ಎಸೆದಿರುತ್ತಾರೆ, ಗಾಳಿ ಅಲ್ಲಿಂದಲೇ ತಪ್ಪಿಸಿಕೊಂಡು ಹೋಗುತ್ತದೆ. ಆಮೇಲೂ ತಪ್ಪು ಬಂದರೆ ಆ ಸ್ಟಿಕ್ಕನ್ನು ಬೇರೆ ಸ್ಲಾಟಿನ ಸ್ಟಿಕ್ಕಿನೊಂದಿಗೆ ಅದಲುಬದಲು ಮಾಡಿ. ತಪ್ಪು ಸ್ಟಿಕ್ಕಿನ ಹಿಂದೆ ಹೋದರೆ ಸ್ಟಿಕ್ ಬದಲಿಸಿ. ಸ್ಲಾಟಿನಲ್ಲೇ ಉಳಿದರೆ ಸ್ಲಾಟು, ಇಲ್ಲವೇ ಪ್ರೊಸೆಸರ್ ಸಾಕೆಟಿನ ಬಾಗಿದ ಪಿನ್ನು ಕಾರಣ. ಅಪರೂಪಕ್ಕೊಮ್ಮೆ ಬರುವ ಒಂದು ತಪ್ಪಿಗೆ ದುಡ್ಡು ಹಾಕಬೇಡಿ. ಒಂದೇ ವಿಳಾಸ ಮರಳಿ ಮರಳಿ ಬಂದರೆ ಕಾಯಬೇಡಿ.

ಪ್ರಶ್ನೆ: ವಿಂಡೋಸ್ ಈವೆಂಟ್ ವ್ಯೂವರ್‌ನಾಗ ‘ವೀಯಾ ಲಾಗರ್ 17’ ತುಂಬ್ಯಾವ. ಮನಿ ಕಂಪ್ಯೂಟರ್.
– ಓದುಗರು, ಶಹಾಬಾದ

ಉತ್ತರ: ‘ವೀಯಾ ಲಾಗರ್’ ಎಂದರೆ ಯಂತ್ರಾಂಶದ ತಪ್ಪುಗಳನ್ನು ವಿಂಡೋಸ್ ಬರೆದಿಡುವ ದಾಖಲೆ. 17 ಅಂದರೆ ಹೆಚ್ಚಾಗಿ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಸರಿಪಡಿಸಿದ ತಪ್ಪು. ವಿದ್ಯುತ್ ತೆಗೆದು, ಗ್ರಾಫಿಕ್ಸ್ ಕಾರ್ಡ್ ಮತ್ತು ಎನ್‌ವಿಎಂಇ ಡಿಸ್ಕ್ ಬಿಚ್ಚಿ ಮತ್ತೆ ಕೂರಿಸಿ. ರೈಸರ್ ಕೇಬಲ್ ಇದ್ದರೆ ತೆಗೆದು ನೋಡಿ. ಪವರ್ ಆಯ್ಕೆಯಲ್ಲಿ ‘ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್’ ಆಫ್ ಮಾಡಿ. ಅದರಿಂದ ನಿಂತರೆ ಹಾಗೇ ಬಿಡಬಹುದು. 18 ಬಂದರೆ ಮಾತ್ರ ಗಂಭೀರ, ಅದು ಸರಿಪಡಿಸಲಾಗದ ತಪ್ಪು. ಓವರ್‌ಕ್ಲಾಕ್ ಮಾಡಿದ್ದರೆ ಮೊದಲು ಅದನ್ನು ತೆಗೆಯಿರಿ.