ಹಳೆಯ ಹಾರ್ಡ್ ಡಿಸ್ಕಿನಲ್ಲಿ ಕಂಡದ್ದು

ಬದಿಯಡ್ಕ ಕಡೆಯಿಂದ ಬರೆದಿರುವ ಓದುಗರೇ,

ನಿಮ್ಮ ಪತ್ರವನ್ನು ಪೂರ್ತಿ ಅಚ್ಚು ಹಾಕುತ್ತಿಲ್ಲ. ಹೆಸರು ಬಿಟ್ಟರೂ ಕಚೇರಿಯ ವಿವರ ಓದಿದರೆ ಸಾಕು, ನಮ್ಮ ಕಡೆಯವರಿಗೆ ಯಾರ ಸಂಗತಿ ಎಂದು ತಿಳಿದುಬಿಡುತ್ತದೆ. ಉಳಿದವರಿಗಾಗಿ ವಿಷಯ ಇಷ್ಟು: ಕಂಪ್ಯೂಟರ್ ರಿಪೇರಿ ನಿಮ್ಮ ಕಸುಬು, ಕೆಲವು ಕಚೇರಿಗಳ ಎಎಂಸಿ (ವಾರ್ಷಿಕ ನಿರ್ವಹಣೆಯ ಗುತ್ತಿಗೆ) ನಿಮ್ಮ ಕೈಯಲ್ಲಿದೆ. ಒಂದು ಕಡೆ ಹಳೆಯ ಹಾರ್ಡ್ ಡಿಸ್ಕಿನ ಬದಲು ಹೊಸ ಎಸ್‌ಎಸ್‌ಡಿ ಹಾಕಲೆಂದು ಡೇಟಾ ಕಾಪಿ ಮಾಡುವಾಗ ಒಂದು ಫೋಲ್ಡರಿನಲ್ಲಿ ಸಣ್ಣ ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳು ಕಣ್ಣಿಗೆ ಬಿದ್ದವು. ಕಾಪಿ ಅರ್ಧಕ್ಕೆ ನಿಲ್ಲಿಸಿ ಮ್ಯಾನೇಜರಿಗೆ ಹೇಳಿದಿರಿ. "ಮಾಸ್ಟ್ರ ಮಗ ಅಲ್ವಾ ನೀನು, ನಮ್ಮವನೇ. ಫಾರ್ಮ್ಯಾಟ್ ಹೊಡೆದುಬಿಡು ಮಾರಾಯ, ಹೊರಗೆ ಹೋಗುವುದು ಬೇಡ" ಎಂದರಂತೆ ಅವರು. ನೀವು ಏನೋ ನೆಪ ಹೇಳಿ, ಹಳೆಯ ಡಿಸ್ಕನ್ನು ಹಾಗೇ ಕಪಾಟಿನಲ್ಲಿಟ್ಟು ಬಂದಿದ್ದೀರಿ. ಗಿರಾಕಿಯ ಗುಟ್ಟು ಹೊರಗೆ ಹಾಕಿದರೆ ಕಸುಬಿಗೆ ದ್ರೋಹವಾಗುವುದಿಲ್ಲವೇ, ಇದೆಲ್ಲ ನನ್ನ ಕೆಲಸವೇ ಎಂಬುದು ನಿಮ್ಮ ಪ್ರಶ್ನೆ.

ನಿಮ್ಮ ಕೆಲಸವೇ. ನೀವು ಟೆಕ್ನಿಶಿಯನ್ ಆಗಿರದಿದ್ದರೂ ಆಗುತ್ತಿತ್ತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಹೇಳುವುದು 'ಯಾವುದೇ ವ್ಯಕ್ತಿ' ಎಂದು. ರೋಗಿಯ ಗುಟ್ಟು ಕಾಯುವ ವೈದ್ಯರನ್ನೂ ಅದು ಹೊರಗಿಟ್ಟಿಲ್ಲ. ಅಪರಾಧ ನಡೆದಿದೆ ಎಂದು ತಿಳಿದವನು ಪೊಲೀಸರಿಗೆ ಹೇಳಲೇಬೇಕು. ಹೇಳದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ನಿಮ್ಮ ಮ್ಯಾನೇಜರರಿಗೆ ಇದು ಗೊತ್ತಿಲ್ಲವೆಂದು ತೋರುತ್ತದೆ. ಗೊತ್ತಿದ್ದೂ ಹಾಗೆ ಹೇಳಿದ್ದರೆ ಅದು ಬೇರೆಯೇ ಮಾತು.

ಕಸುಬಿನ ಗುಟ್ಟಿನ ಬಗ್ಗೆ ನಿಮಗಿರುವ ಅಳುಕು ನನಗೆ ಮೆಚ್ಚುಗೆಯಾಯಿತು. ಕಂಪ್ಯೂಟರ್ ಬಿಚ್ಚುವವನ ಕಣ್ಣಿಗೆ ಊರಿನ ಅರ್ಧ ಬದುಕು ಬೀಳುತ್ತದೆ: ಯಾರ ಸಂಬಳ ಎಷ್ಟು, ಯಾರ ಸಾಲ ಬಾಕಿ, ಯಾರ ಮಗಳ ಜಾತಕ ಎಲ್ಲೆಲ್ಲಿಗೆ ಹೋಗಿದೆ. ಅದೆಲ್ಲ ನಿಮ್ಮ ಬಾಯಿಂದ ಹೊರಬರಬಾರದು. ಯಾರೋ ಗುಮಾಸ್ತ ಕಚೇರಿ ವೇಳೆಯಲ್ಲಿ ದೊಡ್ಡವರ ಅಶ್ಲೀಲ ಚಿತ್ರ ನೋಡಿದ್ದಾನೆ ಎಂಬುದು ಅವನಿಗೂ ಅವನ ಮೇಲಧಿಕಾರಿಗೂ ಬಿಟ್ಟದ್ದು. ನಕಲಿ ವಿಂಡೋಸ್ ಇದ್ದರೆ 'ನಾನು ಇದನ್ನು ಹಾಕಿಕೊಡುವುದಿಲ್ಲ' ಎಂದರಾಯಿತು. ಆದರೆ ಮಗುವಿನ ಮೇಲೆ ನಡೆದ ದೌರ್ಜನ್ಯದ ಚಿತ್ರ ಗಿರಾಕಿಯ ಗುಟ್ಟಲ್ಲ. ಅದರಲ್ಲಿರುವ ಮಗು ನಿಮಗೂ ನಿಮ್ಮ ಗಿರಾಕಿಗೂ ನಡುವಿನ ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ.

ಇನ್ನು ಅಳಿಸುವ ಮಾತು. ಪೋಕ್ಸೋದ 15ನೇ ಸೆಕ್ಷನ್ನಿನಲ್ಲಿ 'ಅಳಿಸದೆ, ನಾಶ ಮಾಡದೆ, ವರದಿ ಮಾಡದೆ' ಎಂಬ ಸಾಲು ಇದೆ. ಅದನ್ನು ಓದಿ ಅಳಿಸಿದರೂ ಸಾಕೆಂದುಕೊಳ್ಳುವವರಿದ್ದಾರೆ. ಆ ಸಾಲು ಇರುವುದು ಅಂಥದನ್ನು ತನ್ನ ಬಳಿ ಇಟ್ಟುಕೊಂಡವನ ಬಗ್ಗೆ. ಇನ್ನೊಬ್ಬರ ಡಿಸ್ಕಿನಲ್ಲಿ ಕಂಡದ್ದನ್ನು ಅವರನ್ನು ಉಳಿಸಲು ನೀವು ಫಾರ್ಮ್ಯಾಟ್ ಮಾಡಿದರೆ ಅದು ಸಾಕ್ಷ್ಯನಾಶ. ಭಾರತೀಯ ನ್ಯಾಯ ಸಂಹಿತೆಯ 238ನೇ ಸೆಕ್ಷನ್ ಇರುವುದೇ ಅದಕ್ಕೆ. ನೆಪ ಹೇಳಿ ತಪ್ಪಿಸಿಕೊಂಡದ್ದು ಒಳ್ಳೆಯದಾಯಿತು.

ಹಾಗೆಂದು ಪತ್ತೇದಾರಿಕೆಗೂ ಇಳಿಯಬೇಡಿ. ಇನ್ನೇನಿದೆ ಎಂದು ಫೋಲ್ಡರ್ ಕೆದಕುವುದು ಬೇಡ. ಪ್ರತಿ ಸಲ ತೆರೆದಾಗಲೂ ಫೈಲಿನ ದಿನ-ಸಮಯದ ಗುರುತು ಬದಲಾಗಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಡಿಜಿಟಲ್ ಸಾಕ್ಷ್ಯದ ಪ್ರಮಾಣಪತ್ರಕ್ಕೆ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಹ್ಯಾಶ್ ಎಂದರೇನೆಂದು ನಿಮಗೆ ನಾನು ಹೇಳಬೇಕಿಲ್ಲ; ಉಳಿದವರಿಗಾಗಿ, ಅದು ಫೈಲಿನ ಬೆರಳಚ್ಚಿನಂಥ ಗುರುತು, ಫೈಲು ಚೂರು ಬದಲಾದರೂ ಅದೂ ಬದಲಾಗುತ್ತದೆ. 'ನನ್ನ ಬಳಿ ಒಂದು ಪುರಾವೆ ಇರಲಿ' ಎಂದು ಪೆನ್‌ಡ್ರೈವಿಗೆ ಹಾಕಿಕೊಳ್ಳುವುದಂತೂ ಎಲ್ಲಕ್ಕಿಂತ ಅಪಾಯ. ಐಟಿ ಕಾಯ್ದೆಯ 67ಬಿ ಪ್ರಕಾರ ಇಂಥದನ್ನು ಸಂಗ್ರಹಿಸುವುದೂ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಮೊಬೈಲಿನಲ್ಲಿ ಫೋಟೋ ತೆಗೆದು ಗೆಳೆಯರಿಗೆ ಕಳಿಸಿ ಸಲಹೆ ಕೇಳುವುದೂ ಅಷ್ಟೇ. ಪತ್ರದ ಜೊತೆ ನನಗೆ ಏನನ್ನೂ ಲಗತ್ತಿಸದೆ ಇದ್ದದ್ದಕ್ಕೆ ನಿಜವಾಗಿಯೂ ನೆಮ್ಮದಿಯಾಯಿತು. ಇನ್ನೊಂದು ಸಂಗತಿ ಮರೆಯಬೇಡಿ: ಕಾಪಿ ಅರ್ಧಕ್ಕೆ ನಿಂತಿದೆ ಎಂದರೆ ಹೊಸ ಎಸ್‌ಎಸ್‌ಡಿಗೂ ಕೆಲವು ಫೈಲು ಬಂದಿರಬಹುದು. ಅದನ್ನು ಶುಚಿ ಮಾಡಲು ಹೋಗದೆ, ಇದ್ದದ್ದನ್ನು ಇದ್ದ ಹಾಗೆ ಪೊಲೀಸರಿಗೆ ಹೇಳಿ.

'ಅವರು ಹದಿನೆಂಟು ದಾಟಿದವರೇ ಆಗಿದ್ದರೆ?' ಎಂದೂ ಬರೆದಿದ್ದೀರಿ. ವಯಸ್ಸು ಅಳೆಯುವುದು ನಿಮ್ಮ ಹೊಣೆಯಲ್ಲ. ಪೋಕ್ಸೋಗೆ ಬಂದ 2019ರ ತಿದ್ದುಪಡಿಯ ನಂತರ ನಿಜವಾದ ಮಗುವಿನಿಂದ ಬೇರೆಯೆಂದು ಹೇಳಲಾಗದಂಥ ಕಂಪ್ಯೂಟರ್ ಚಿತ್ರ, ಮಗುವಿನಂತೆ ತೋರಿಸಿದ ಚಿತ್ರ ಇವೂ ಕಾಯ್ದೆಯೊಳಗೇ ಬರುತ್ತವೆ. ಸದ್ಭಾವನೆಯಿಂದ ಮಾಹಿತಿ ಕೊಟ್ಟವನ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ ಎಂದು 19ನೇ ಸೆಕ್ಷನ್ನಿನಲ್ಲೇ ಇದೆ. ಆದರೆ ಯಾರು ಮಾಡಿದ್ದೆಂದು ನೀವು ಊಹಿಸಿ ಬರೆಯಬೇಡಿ. ನಮ್ಮ ಕಚೇರಿಗಳಲ್ಲಿ ನಾಲ್ಕು ಜನಕ್ಕೆ ಒಂದೇ ಲಾಗಿನ್, ಪಾಸ್‌ವರ್ಡ್ ಮಾನಿಟರಿನ ಮೇಲೆ ಚೀಟಿಯಲ್ಲಿ. ಯಾವ ದಿನ, ಯಾವ ಕಂಪ್ಯೂಟರ್, ಏನು ಕೆಲಸ ಮಾಡುವಾಗ, ಯಾವ ಫೋಲ್ಡರಿನಲ್ಲಿ ಕಂಡಿತು, ಯಾರಿಗೆ ಹೇಳಿದಿರಿ, ಅವರು ಏನೆಂದರು – ಇಷ್ಟು ಬರೆದರೆ ಸಾಕು. ನಿರಪರಾಧಿಯೊಬ್ಬನ ಹೆಸರು ಒಮ್ಮೆ ಹೊರಬಿದ್ದರೆ ಮತ್ತೆ ತೊಳೆಯಲಾಗುವುದಿಲ್ಲ.

ಕೇರಳ ಪೊಲೀಸರಿಗೆ ಇದು ಹೊಸದಲ್ಲ. 'ಪಿ-ಹಂಟ್' ಹೆಸರಿನಲ್ಲಿ ರಾಜ್ಯವಿಡೀ ಹಲವು ಸಲ ಶೋಧ ನಡೆಸಿ ಫೋನು, ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್ ವಶಪಡಿಸಿಕೊಂಡವರು ಅವರು. ನಾಳೆ ಅವರೇ ಆ ಕಚೇರಿಯ ಬಾಗಿಲಿಗೆ ಬಂದರೆ, ಆ ಡಿಸ್ಕ್ ಬಿಚ್ಚಿದವನು ಯಾರು, ಕಂಡೂ ಯಾಕೆ ಸುಮ್ಮನಿದ್ದ ಎಂಬುದೇ ಮೊದಲ ಪ್ರಶ್ನೆಯಾದೀತು. ಹೆಡ್ ಆಫೀಸು ಮಂಗಳೂರಿನಲ್ಲಿದೆ, ದೂರು ತಲಪಾಡಿ ಗಡಿಯ ಆಚೆಗೋ ಈಚೆಗೋ ಎಂಬ ಗೊಂದಲವೂ ಬೇಡ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುತ್ತದೆ. ಡಿಸ್ಕ್ ಇರುವುದು ಇಲ್ಲಿ, ಆದ್ದರಿಂದ ಇಲ್ಲಿಯದೇ ಠಾಣೆ ಅನುಕೂಲ. ಮಲಯಾಳ ಬರೆಯಲು ಬಾರದಿದ್ದರೆ ಕನ್ನಡದಲ್ಲೇ ಬರೆದುಕೊಡಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಆದರೆ ಆ ಡಿಸ್ಕನ್ನು ಮುಟ್ಟಿದ ಹೊರಗಿನವರು ನೀವೊಬ್ಬರೇ ಆಗಿರುವಾಗ ಹೆಸರು ಮರೆಸಿ ಪ್ರಯೋಜನವೇನು?

ಕಾನೂನು ನಿಮ್ಮನ್ನು ಕೇಸಿನಿಂದ ಕಾಪಾಡುತ್ತದೆ, ಎಎಂಸಿ ಕೈತಪ್ಪುವುದರಿಂದ ಕಾಪಾಡುವುದಿಲ್ಲ. ಆ ಕಚೇರಿ ನಿಮ್ಮನ್ನು ಮತ್ತೆ ಕರೆಯಲಿಕ್ಕಿಲ್ಲ. ಅವರ ಮಾತು ಕೇಳಿ ಇನ್ನೊಬ್ಬರೂ ಕರೆಯದೆ ಇರಬಹುದು. ಇದಕ್ಕೆ ನನ್ನ ಬಳಿ ಸಮಾಧಾನದ ಮಾತಿಲ್ಲ. ಮುಂದಿನ ಒಪ್ಪಂದಗಳಲ್ಲಿ ಮಾತ್ರ ಒಂದು ಸಾಲು ಸೇರಿಸಿ: ಕೆಲಸದ ನಡುವೆ ಮಕ್ಕಳ ಶೋಷಣೆಯ ಸಾಮಗ್ರಿ ಕಂಡರೆ ಪೊಲೀಸರಿಗೆ ತಿಳಿಸಲಾಗುವುದು. ಅದಕ್ಕೆ ಸಹಿ ಹಾಕಲು ಹಿಂಜರಿಯುವ ಗಿರಾಕಿಯ ಕೆಲಸ ನಿಮಗೆ ಬೇಡ.

ಮ್ಯಾನೇಜರರಿಗೆ ಮೊದಲೇ ಫೋನ್ ಮಾಡಿ ಎಚ್ಚರಿಸುವ ಯೋಚನೆ ಬಿಡಿ. ಡಿಸ್ಕ್ ಇನ್ನೂ ಅವರ ಕಪಾಟಿನಲ್ಲೇ ಇದೆ. ಈ ಸಂಚಿಕೆ ಕೈಗೆ ಸಿಕ್ಕ ದಿನವೇ ಠಾಣೆಗೆ ಹೋಗಿ. ನೀವು ಕೊಟ್ಟ ಮಾಹಿತಿಗೆ ಒಂದು ನಂಬರ್ ಕೊಟ್ಟು, ಬರೆದುಕೊಂಡು, ನಿಮಗೆ ಓದಿ ಹೇಳಬೇಕೆಂದು ಅದೇ 19ನೇ ಸೆಕ್ಷನ್ ಹೇಳುತ್ತದೆ. ಆ ನಂಬರನ್ನು ಕೇಳಿ ಬರೆದುಕೊಂಡೇ ಹೊರಗೆ ಬನ್ನಿ.

– ಸಂಪಾದಕ